ಗೋಡೆಯೊಳಗಿನ ಬಡಿತ

ದೇವಕ್ಕನ ಮನೆಯ ಪಡುವಣ ಗೋಡೆಯೊಳಗೆ ಯಾರೋ ಬಡಿಯುತ್ತಿದ್ದರು.

ನಿಜಾಮನ ಕಡೆಯ ರಜಾಕಾರರ ಹಾವಳಿಗೆ ಹೆದರಿ ಅವಳೂ ಗಂಡ ಹಂಪಣ್ಣನೂ ಶಹಾಪುರ ಬಿಟ್ಟು ಸೊಲ್ಲಾಪುರದ ಕಡೆ ಓಡಿದ್ದರು. ನಿಜಾಮನ ರಾಜ್ಯ ಹೋದ ಮೇಲೆ ಮರಳಿ ಬಂದು ನೋಡಿದರೆ ಬಾಗಿಲ ಬೀಗ ಮುರಿದಿತ್ತು. ಪಡಸಾಲೆಯಲ್ಲಿ ಯಾರೋ ಒಲೆ ಹೂಡಿದ್ದ ಮಸಿ. ಯಾರು ಇದ್ದರು, ಅವರಲ್ಲಿ ಎಷ್ಟು ಮಂದಿ ಜೀವಸಹಿತ ಹೊರಗೆ ಹೋದರು ಎಂದು ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ದೇವಕ್ಕ ಮಧ್ಯಾಹ್ನ ಆ ಗೋಡೆಯ ಬದಿಗೆ ಅಡ್ಡಾದರೆ ಸಾಕು, ಕಿವಿಗೆ ಕೇಳುತ್ತಿತ್ತು: ದಬ್, ದಬ್, ದಬ್.

ನೆರೆಮನೆಯ ಶರೀಫಾಬೀ ಗೋಡೆಗೆ ಕಿವಿ ಹಚ್ಚಿ ನೋಡಿದಳು. "ನನಗೇನೂ ಕೇಳವಲ್ದವ್ವಾ," ಅಂದಳು. ದೇವಕ್ಕ ಅಬ್ಬೆತುಮಕೂರಿನ ಮಠದಿಂದ ವಿಭೂತಿ ತರಿಸಿ ಗೋಡೆಗೆ ಬಳಿದಳು. ಒಳಗಿದ್ದದ್ದು ವಿಭೂತಿಗೂ ಜಗ್ಗಲಿಲ್ಲ.

ಹೆದರಿದವರ ಮೇಲೆ ಕಪ್ಪೆ ಎಸೆದಂತೆ, ಅದೇ ಹೊತ್ತಿಗೆ ಹಂಪಣ್ಣನಿಗೆ ತಲೆಸುತ್ತು ಬಂತು. ಹೊಸ ಡಾಕ್ಟರು ದವಾಖಾನೆ ತೆರೆದದ್ದು ಹಳೆಯ ಚಾವಡಿಯಲ್ಲಿ. ಹಿಂದೆ ರಜಾಕಾರರು ಹಂಪಣ್ಣನನ್ನು ಕೂಡಿಹಾಕಿ ಹೊಡೆದದ್ದೂ ಅಲ್ಲೇ. ಹೊಸ್ತಿಲು ದಾಟುತ್ತಲೇ ಬೆವತುಹೋದ. ಡಾಕ್ಟರು ರಕ್ತದ ಒತ್ತಡ ಅಳೆಯುವ ಪಾದರಸದ ಯಂತ್ರ ತೆಗೆದು ತೋಳಿಗೆ ಪಟ್ಟಿ ಸುತ್ತಲು ಬಂದರೆ, "ಮೊದಲ ಆಕಿಗೆ ಕಟ್ರಿ," ಎಂದು ಹೆಂಡತಿಯನ್ನು ಮುಂದೆ ತಳ್ಳಿದ. ಗಂಡಸಿನ ಧೈರ್ಯ ಅಷ್ಟೇ. ಅವಳ ಪಾದರಸ ಇರಬೇಕಾದಲ್ಲೇ ನಿಂತಿತು. ಅವನದು ಗಾಜಿನ ನಳಿಗೆಯಲ್ಲಿ ಸರಸರ ಮೇಲೇರಿತು.

"ರಕ್ತದ ಒತ್ತಡ ಭಾಳ ಅದ. ಉಪ್ಪು ಬಿಡಿಸ್ರಿ. ಹಿಂಗ ಬಿಟ್ರ ಜೀವಕ್ಕ ಧೋಕಾ ಅದ," ಅಂದರು ಡಾಕ್ಟರು.

ಗೋಡೆ ಯಾರಿಗಾಗಿ ಬಡಿಯುತ್ತಿದೆ ಎಂದು ದೇವಕ್ಕನಿಗೆ ಆಗ ಖಾತ್ರಿಯಾಯಿತು. ಗಂಡನಿಗೆ ಸಪ್ಪೆ ಸಾರು ಬಡಿಸಿದಳು. ಹಾಳಾಗಬಾರದೆಂದು ಅವನ ಪಾಲಿನ ಉಪ್ಪಿನಕಾಯಿಯನ್ನೂ ತಾನೇ ತಿಂದಳು. ದಿನಾ ಒಂದೇ ಹಟ: "ಈ ಮನಿ ನಿಮ್ಮನ್ನ ನುಂಗತೈತಿ. ಸುರಪುರಕ್ಕ ನಮ್ಮಣ್ಣನ ಕಡಿ ಹೋಗೂಣು ನಡೀರಿ." ಅಜ್ಜನ ಕಾಲದ ಮನೆ ಬಿಡಲು ಹಂಪಣ್ಣನಿಗೆ ಕರುಳು ಕಿತ್ತು ಬಂತು. ಆದರೂ ಒಪ್ಪಿದ.

ಗಂಟುಮೂಟೆ ಕಟ್ಟಿ, ಗಾಡಿ ಬಾಗಿಲಿಗೆ ಬಂದು ನಿಂತಾಗ ಡಾಕ್ಟರೇ ಮನೆ ಹುಡುಕಿಕೊಂಡು ಬಂದರು. ಹಂಪಣ್ಣ ಮತ್ತೆ ದವಾಖಾನೆಯ ಕಡೆ ಸುಳಿದಿರಲಿಲ್ಲವಲ್ಲ. ತನ್ನ ಜಗಲಿಯ ಮೇಲೆ ಕೂತ ಹಂಪಣ್ಣನಿಗೆ ಪಟ್ಟಿ ಕಟ್ಟಿದರೆ ಪಾದರಸ ಇರಬೇಕಾದಲ್ಲೇ ನಿಂತಿತು. ಡಾಕ್ಟರು ಯಂತ್ರ ಕೆಟ್ಟಿದೆಯೆಂದು ಅದನ್ನು ತಟ್ಟಿದರು. ಪರೀಕ್ಷೆಗೆ ದೇವಕ್ಕನ ತೋಳಿಗೆ ಕಟ್ಟಿದರು. ಪಾದರಸ ಏರಿತು. ಏರುತ್ತಲೇ ಹೋಯಿತು. ಯಂತ್ರ ಕೆಟ್ಟಿರಲಿಲ್ಲ.

ಅದೇ ಹೊತ್ತಿಗೆ ಗೋಡೆ ಬಡಿಯತೊಡಗಿತು. ಎಂದೂ ಇಲ್ಲದಷ್ಟು ಜೋರು.

"ನಿಮಗೂ ಕೇಳಾಕತ್ತೈತೇನ್ರಿ?" ದೇವಕ್ಕ ಪಿಸುಗುಟ್ಟಿದಳು.

ಡಾಕ್ಟರು ಕಿವಿಯ ನಳಿಗೆ ಬಿಚ್ಚಿ ಅವಳ ಕಿವಿಗೆ ಇಟ್ಟರು. ದಬ್, ದಬ್, ದಬ್. ನಳಿಗೆಯ ಇನ್ನೊಂದು ತುದಿ ಅವಳ ತೋಳಿನ ಮೇಲಿತ್ತು.

"ನಿಮ್ಮ ಯಜಮಾನರ ಒತ್ತಡ ದವಾಖಾನ್ಯಾಗಷ್ಟೇ ಏರತದ, ಮನ್ಯಾಗ ಇಳೀತದ. ನಿಮ್ಮದು ದವಾಖಾನ್ಯಾಗ ಅಡಗಿ ಕೂತು, ಮನ್ಯಾಗ ಏರಾಕತ್ತದ. ಇಂಥಾದ್ದು ಗೊತ್ತಾಗೂದ್ರಾಗ ಮನುಷ್ಯಾನ್ನ ಕೆಡವತದ್ರಿ," ಅಂದರು.

"ಹಂಗಾರ ಮನ್ಯಾಗ ಏನೂ ಇಲ್ಲ!" ಹಂಪಣ್ಣ ಮೊದಲ ಮಾತಷ್ಟೇ ಕೇಳಿಸಿಕೊಂಡಿದ್ದ. ಖುಷಿಯಿಂದ ಗಾಡಿಯ ಗಂಟುಗಳನ್ನು ಇಳಿಸಲು ಹೊರಗೆ ಓಡಿದ.

ದೇವಕ್ಕ ಡಾಕ್ಟರ ಮುಖವನ್ನೇ ನೋಡಿದಳು. "ನಾ ಒಬ್ಬಾಕೀನ ಸುರಪುರಕ್ಕ ಹೋದ್ರ, ಸಾಹೇಬ್ರ?"

ಡಾಕ್ಟರು ಪಟ್ಟಿ ಬಿಚ್ಚುತ್ತ ತಲೆ ತಗ್ಗಿಸಿದರು.

"ಅದೂ ನಿಮ್ಮ ಸಂಗಾಟ ಗಾಡಿ ಹತ್ತತದ್ರಿ, ತಾಯಿ."