ಕಡೆಯ ನುಡಿಯ ಹೆಸರು

ರಾಯಚೂರಿನ ನಮ್ಮ ಮನೆಯ ಅಟ್ಟದಿಂದ ಹಳೆ ಕಂಪ್ಯೂಟರ್ ಇಳಿಸಿದ್ದು ಸಂಜೀವನ ಮಾನ ಕಳೆಯುವುದಕ್ಕೆ. ಅವ್ವನ ನೆನಪಾಯಿತು, ಅದಕ್ಕೇ ಇಳಿಸಿದೆ ಎಂದು ಹೇಳಿದರೆ ಕೇಳುವುದಕ್ಕೆ ಚೆಂದ. ಆದರೆ ಅದು ಸುಳ್ಳು. ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು.

ನನ್ನವ್ವ ತಿಮ್ಮವ್ವ ದೇವದುರ್ಗದವಳು. ಗದ್ದೆಯಲ್ಲಿ ಬಗ್ಗಿ ಸಸಿ ಹಚ್ಚುತ್ತಲೇ ಮೊಹರಂ ಪದ ಕಟ್ಟುತ್ತಿದ್ದಳು. ನಮ್ಮ ಕಡೆ ಆ ಪದಗಳಿಗೊಂದು ಕಟ್ಟಳೆಯುಂಟು. ಕಡೆಯ ನುಡಿಯಲ್ಲಿ ಊರಿನ ಹೆಸರು, ಪದ ಕಟ್ಟಿದವರ ಹೆಸರು ಬರಲೇಬೇಕು. ಹೊಲಕ್ಕೆ ಪಟ್ಟಾ ಇದ್ದ ಹಾಗೆ ಅದು. ಯಾರ ಹೆಸರು ಬಂತೋ ಪದ ಅವರದು, ಮುಂದೆ ಮಾತಿಲ್ಲ.

ಸಂಜೀವ ಮಾನ್ವಿಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಪದ ಕಲಿಯಲು ಬಂದು ನಮ್ಮ ಮನೆಯ ರೊಟ್ಟಿ ತಿಂದವನು. ಈಗ ಅವನು ದೊಡ್ಡ ಕಲಾವಿದ. ಅವ್ವ ಹೋದ ವರ್ಷ ತೀರಿಕೊಂಡಳು. ಈ ವರ್ಷ ಅವನ ಸಂದರ್ಶನವೊಂದು ನನ್ನ ಫೋನಿಗೆ ಬಂತು. 'ಖಾಲಿ ಜೀನ ಹೊತ್ತ ಕುದುರಿ' ಪದ ತಾನೇ ಕಟ್ಟಿದ್ದಂತೆ. ತಿಮ್ಮವ್ವ ಯಾರು ಎಂದು ಯಾರೋ ಕೇಳಿದ್ದಕ್ಕೆ ನಕ್ಕು, "ಪಾಪ, ನಮ್ಮ ಹಿಂದ ನಿಂತು ಸೊಲ್ಲು ಹಿಡಿಯಾಕಿ" ಎಂದಿದ್ದ.

ಫೋನು ಹಚ್ಚಿದೆ.

"ಸಂಜೀವಾ, ಆ ಪದ ಯಾರದು?"

"ಅಕ್ಕಾರ, ಕಡೀ ನುಡಿಯಾಗ ಯಾರ ಹೆಸರದ, ಪದ ಅವರದು. ನನ್ನ ಹೆಸರದ."

"ಅದು ನೀ ಆಮ್ಯಾಲ ತುರುಕಿದ್ದು. ಅವ್ವ ಹಾಡಿದ್ದು ನನ್ನ ಕಡೆ ಟೇಪಿನಾಗ ಅದ."

"ಹಂಗಾರ ತರ್ರಿ. ಮಾನ್ವಿಯಾಗ ನನಗ ಸನ್ಮಾನ ಇಟ್ಟಾರ. ಎಲ್ಲಾರ ಮುಂದ ಹಚ್ಚೋಣು" ಎಂದು ಅವನು ಬಲು ಧೈರ್ಯದಿಂದ ಹೇಳಿದ. ಆ ಧೈರ್ಯ ಎಲ್ಲಿಂದ ಬಂತೆಂದು ಆಗ ನನಗೆ ಹೊಳೆಯಲಿಲ್ಲ.

ಆ ಕಂಪ್ಯೂಟರ್ ನಾನು ಕಾಲೇಜಿನಲ್ಲಿದ್ದಾಗ ಯಾವುದೋ ಆಫೀಸಿನ ಹರಾಜಿನಲ್ಲಿ ಬಂದದ್ದು. ಹಾರ್ಡ್ ಡಿಸ್ಕಿನಲ್ಲಿ ಅಂಗೈಯಷ್ಟೂ ಜಾಗವಿರಲಿಲ್ಲ. ತುಂಬಿದ್ದನ್ನೆಲ್ಲ ಇಳಿಸಿಡಲು ಒಂದು ಟೇಪ್ ಡ್ರೈವ್ ಇತ್ತು, ಅದಕ್ಕೆ ದಪ್ಪನೆಯ ಕ್ಯಾಸೆಟ್ಟಿನಂಥ ಟೇಪು. ಅವ್ವನ ಮುಂದೆ ಮೈಕಿಟ್ಟು, ರೆಕಾರ್ಡಿಂಗ್ ಶುರು ಮಾಡಿ ನಾನು ಕಾಲೇಜಿಗೆ ಹೋಗುತ್ತಿದ್ದೆ. ಸಂಜೆ ಬಂದು ಎಲ್ಲವನ್ನೂ ಟೇಪಿಗಿಳಿಸುತ್ತಿದ್ದೆ. ಕೂತು ಕೇಳಿದ್ದೇ ಇಲ್ಲ. ಮನೆಯಲ್ಲಿ ಅವ್ವನೇ ಹಾಡುತ್ತಿರುವಾಗ ಟೇಪು ಯಾರಿಗೆ ಬೇಕು?

ಈಗ ಬೇಕಾಯಿತು. ಕಂಪ್ಯೂಟರ್ ಒಂದಿಷ್ಟು ಗೊಣಗಿ ಎದ್ದಿತು. ಆದರೆ ಟೇಪು ಹಾಕಿದರೆ ಡ್ರೈವಿನ ದೀಪ ಹತ್ತುತ್ತದೆ, ಮೋಟಾರು ಗುಂಯ್ಯೆನ್ನುತ್ತದೆ, ಟೇಪು ಮಾತ್ರ ಅಲುಗುವುದಿಲ್ಲ. ಕೇಬಲ್ ಬದಲಿಸಿದೆ, ಪ್ರೋಗ್ರಾಮು ತೆಗೆದು ಮತ್ತೆ ಹಾಕಿದೆ, ಸಂಜೀವನ ಹೆಸರು ಹಿಡಿದು ಬೈದೆ. ಯಾವುದಕ್ಕೂ ಅದು ಬಗ್ಗಲಿಲ್ಲ. ಕೊನೆಗೆ ಸ್ಕ್ರೂ ಬಿಚ್ಚಿ ನೋಡಿದರೆ, ಟೇಪನ್ನು ತಿರುಗಿಸುವ ರಬ್ಬರ್ ಗಾಲಿ ನಮ್ಮೂರ ಬಿಸಿಲಿಗೆ ಕರಗಿ ಬೆಲ್ಲದ ಪಾಕವಾಗಿತ್ತು. ಒಳಗಿನ ಅಚ್ಚು ಅಂಟಿನಲ್ಲಿ ಬರಿದೇ ಸುತ್ತುತ್ತಿತ್ತು.

ಅಂಟು ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿದೆ. ಸೈಕಲ್ ಅಂಗಡಿಯಿಂದ ವಾಲ್ ಟ್ಯೂಬಿನ ರಬ್ಬರು ತಂದು ಅಚ್ಚಿಗೆ ತೊಡಿಸಿದೆ. ಒಂದು ಪದರ ಸಾಲದೆ ಜಾರಿತು. ಅದರ ಮೇಲೆ ಮತ್ತೊಂದು ತೊಡಿಸಿದೆ. ಹರಾಜಿನ ಜೊತೆ ಬಂದಿದ್ದ ಬೇರೊಂದು ಟೇಪನ್ನು ಮೊದಲು ಹಾಕಿ ನೋಡಿದೆ. ಅದು ಎರಡು ಸುತ್ತು ತಿರುಗಿ ಪಟ್ಟನೆ ಹರಿಯಿತು. ರಬ್ಬರು ದಪ್ಪವಾಗಿ ಎಳೆತ ಹೆಚ್ಚಾಗಿತ್ತು. ಅವ್ವನ ಟೇಪು ಹಾಕಿದ್ದರೆ? ರಬ್ಬರನ್ನು ಮರಳು ಕಾಗದದಲ್ಲಿ ಉಜ್ಜುತ್ತ, ಅಳೆಯುತ್ತ, ಇನ್ನೊಂದು ಹಾಳು ಟೇಪು ಸಲೀಸಾಗಿ ಓಡುವವರೆಗೂ ಬಿಡಲಿಲ್ಲ. ಆಮೇಲೆ ಅವ್ವನ ಟೇಪನ್ನು ಒಳಗೆ ತಳ್ಳಿದೆ.

ಅರ್ಧದಷ್ಟು ಪದಗಳು ಕೆಟ್ಟು ಹೋಗಿದ್ದವು. 'ಖಾಲಿ ಜೀನ ಹೊತ್ತ ಕುದುರಿ' ಇಡಿಯಾಗಿ ಬಂತು. ಅವ್ವನ ದನಿ ಕೇಳಿ ಅತ್ತೆ, ಅಳುತ್ತಲೇ ಕಡೆಯ ನುಡಿಗೆ ಕಾದೆ.

"ಮಾನ್ವಿಯ ಊರಾಗ ಸಂಜೀವ ಕವಿ ಮಾಡ್ಯಾನ..."

ಅವ್ವ, ನನ್ನ ಅವ್ವನೇ, ತನ್ನ ಬಾಯಾರೆ ಅವನ ಹೆಸರು ಹಾಡಿದ್ದಳು. ಮೈಯೆಲ್ಲ ಉರಿಯಿತು. ಅವ್ವನ ಮೇಲೂ ಸಿಟ್ಟು ಬಂತು. ಬಂದ್ ಮಾಡಲು ಕೈ ಚಾಚಿದೆ. ಆದರೆ ಪದ ಮುಗಿದರೂ ರೆಕಾರ್ಡಿಂಗ್ ಮುಗಿದಿರಲಿಲ್ಲ. ಅವ್ವ ನಕ್ಕಳು. ಮುಂದಿನ ಮಾತು ಕೇಳಿ ನಾನು ಕೈ ಹಿಂದಕ್ಕೆಳೆದುಕೊಂಡೆ. ಎಲ್ಲ ಕೇಳಿ ಮುಗಿದ ಮೇಲೆ ಸಂಜೀವನ ಸನ್ಮಾನ ಯಾವಾಗ ಎಂದು ವಿಚಾರಿಸಿದೆ.

ಮಾನ್ವಿಯ ಕಲ್ಯಾಣ ಮಂಟಪ ತುಂಬಿತ್ತು. ಮೈಕ್ ಸೆಟ್ಟಿನ ಮೀರಾಹುಸೇನನಿಗೆ ಟೇಪಿನಿಂದ ಇಳಿಸಿಕೊಂಡ ಪೆನ್ ಡ್ರೈವ್ ಕೊಟ್ಟು, "ನಾ ಹೇಳೋತನಕ ಬಂದ್ ಮಾಡಬ್ಯಾಡಪಾ" ಎಂದು ಹೇಳಿ ಮುಂದಿನ ಸಾಲಿನಲ್ಲಿ ಕೂತೆ. ಶಾಲು ಹೊದ್ದಿದ್ದ ಸಂಜೀವ ನನ್ನನ್ನು ನೋಡಿ ಕೈಮುಗಿದ. ತಾನೇ ಮೈಕಿನಲ್ಲಿ, "ತಿಮ್ಮವ್ವನ ಮಗಳು ಸವಿತಕ್ಕ ಹಳೇ ಟೇಪ್ ತಂದಾರ, ಕೇಳ್ರಿ, ಕಡೀ ನುಡಿ ಲಕ್ಷ್ಯ ಕೊಟ್ಟು ಕೇಳ್ರಿ" ಎಂದ.

ಪದ ಶುರುವಾಯಿತು. ಕಡೆಯ ನುಡಿಯಲ್ಲಿ ಅವನ ಹೆಸರು ಬಂದದ್ದೇ ಮಂಟಪ ಚಪ್ಪಾಳೆ ಹೊಡೆಯಿತು. ಅವನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ನಾಲ್ಕೂ ದಿಕ್ಕಿಗೆ ಬಾಗಿದ. ಬಾಗಲಿ ಎಂದು ನಾನೂ ಚಪ್ಪಾಳೆ ತಟ್ಟಿದೆ.

ಆಮೇಲೆ ಅವ್ವನ ನಗು ಕೇಳಿಸಿತು.

"ಸಂಜೀವಾ, ನಿನಗ ಒಂದು ಪದಾನೂ ಕಟ್ಟಾಕ ಬರವಲ್ದು, ಊರಾಗ ನಗ್ತಾರ ಅಂತ ಅಳಾಕತ್ತಿದ್ದಿ. ತಗೋ, ನನ್ನ ಪದಕ್ಕ ನಿನ್ನ ಹೆಸರು ಹಾಕೀನಿ. ಈಗರ ಉಣ್ಣು."

ಬಳಿಕ ಹುಡುಗನೊಬ್ಬನ ಗದ್ಗದ ದನಿ ಬಂತು. "ಯವ್ವಾ, ಹೆಸರು ನಂದಿದ್ರೂ ಎಲ್ಲಿ ಹಾಡಿದ್ರೂ ಮೊದಲ ನಿಮ್ಮ ಹೆಸರ ಹೇಳಿ ಹಾಡ್ತೀನಿ. ನಿಮ್ಮ ಅನ್ನದ ಮ್ಯಾಲ ಆಣಿ."

"ಹೇಳಿದ್ರ ಹೇಳು, ಬಿಟ್ರ ಬಿಡು. ನನ್ನ ಮಗಳಿಗೆ ಗೊತ್ತದ. ಸಾಕು."

ಸಂಜೀವ ಎದೆಯ ಮೇಲಿನ ಕೈ ತೆಗೆಯುವುದನ್ನೂ ಮರೆತು ನಿಂತಿದ್ದ. ನನ್ನತ್ತ ಬಾಗಿ, "ಅಕ್ಕಾರ, ಸಾಕ್ರಿ, ಬಂದ್ ಮಾಡಸ್ರಿ" ಎಂದು ಬೇಡಿಕೊಂಡ.

"ಅವ್ವ ಕೊಟ್ಟ ಹೆಸರು ನಾ ಕಸಗೊಳ್ಳಂಗಿಲ್ಲ. ಅದು ನಿನಗೇ ಇರ್ಲಿ" ಎಂದೆ. "ನೀ ಆಣಿ ಮಾಡೀಯಲ್ಲ, ಅದನ್ನ ನಡಸು. ಹಾಡು ಈಗ. ಮೊದಲ ಹೇಳೋದು ಹೇಳಿ ಹಾಡು."

ಅವನು ಮೈಕು ಹಿಡಿದ. ಶಾಲು ಜಾರಿ ಕಾಲಬಳಿ ಬಿತ್ತು.

"ತಿಮ್ಮವ್ವ" ಎಂದ.

"ಕೇಳಿಸಲಿಲ್ಲ" ಎಂದೆ.

ನನಗೆ ಚೆನ್ನಾಗಿಯೇ ಕೇಳಿಸಿತ್ತು.