ಹಳಿಯ ತುಂಡು ಇಳಿಸಿದ ಮೇಲೆ

ಓಬಯ್ಯ ಗುಂಡಿಯಲ್ಲಿ ಬಿದ್ದು ಸತ್ತ ನಾಲ್ಕನೆಯ ದಿನ ಫೌಂಡ್ರಿಯ ಮಾಲೀಕ ಶಿವಶಂಕರಪ್ಪ ಮುರಳಿಯನ್ನು ಭದ್ರಾವತಿಗೆ ಕರೆಸಿಕೊಂಡರು. ಬರುವಾಗ ಲೆಟರ್‌ಹೆಡ್ ತರಬೇಕೆಂದು ಅವರ ಗುಮಾಸ್ತ ಫೋನಿನಲ್ಲಿ ಎರಡು ಸಲ ಹೇಳಿದ್ದ.

ಮುರಳಿ ಶಿವಮೊಗ್ಗದ ರವೀಂದ್ರನಗರದವನು. ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರ್ ರಿಪೇರಿಯ ಜೊತೆಗೆ ಕ್ಯಾಮೆರಾ ಕೂರಿಸುವ ಕೆಲಸ ಹಿಡಿದಿದ್ದ. ೨೦೦೭ರ ಆ ಫೆಬ್ರವರಿಯಲ್ಲಿ, ಹದಿನೈದು ದಿನದ ಹಿಂದಷ್ಟೇ ಫೌಂಡ್ರಿಯಲ್ಲಿ ನಾಲ್ಕು ಕ್ಯಾಮೆರಾ ಕೂರಿಸಿ ಹೋಗಿದ್ದ. ಮೂರು ಹತ್ತಿರದವು. ನಾಲ್ಕನೆಯದು ಹಿಂದಿನ ಗುಜರಿ ಅಂಗಳದ್ದು, ಆಫೀಸಿನ ರೆಕಾರ್ಡರಿನಿಂದ ಇನ್ನೂರು ಮೀಟರಿಗೂ ದೂರ. ಅಷ್ಟು ದೂರಕ್ಕೆ ಟಿ.ವಿ. ಕೇಬಲ್ ಎಳೆದರೆ ಚಿತ್ರ ಮಸುಕಾಗುತ್ತದೆಂದು ನೆಟ್‌ವರ್ಕ್ ಕೇಬಲ್ ಎಳೆದ. ಅದರೊಳಗೆ ಹೆಣೆದ ನಾಲ್ಕು ಜೋಡಿ ತಂತಿ. ಒಂದು ಜೋಡಿಯಲ್ಲಿ ಚಿತ್ರ, ಉಳಿದ ಮೂರರಲ್ಲಿ ಕ್ಯಾಮೆರಾಕ್ಕೆ ಕರೆಂಟು. ಕರೆಂಟನ್ನು ಅಂಗಳದಲ್ಲೇ ಬೇರೆಯಾಗಿ ಕೊಡುವುದು ಕ್ರಮ. ಅದಕ್ಕೆ ಇನ್ನೊಂದು ದಿನ ಬೇಕಿತ್ತು.

ಅಂಗಳದ ಕಬ್ಬಿಣದ ಕಂಬಕ್ಕೆ ರೈಲು ಹಳಿಯ ತುಂಡೊಂದನ್ನು ನೇತುಹಾಕಿದ್ದರು. ರಾತ್ರಿ ಕಾವಲಿನ ಓಬಯ್ಯ ಅದನ್ನು ಗಂಟೆಗೊಮ್ಮೆ ಬಡಿಯುತ್ತಿದ್ದ. ಕುಲುಮೆಯವರಿಗೆ ಅದೇ ಗಡಿಯಾರ. ಒಂದು ಗಂಟೆ ತಪ್ಪಿದರೆ ಯಾರಾದರೂ ಬೈದುಕೊಳ್ಳುತ್ತಲೇ ಎದ್ದುಹೋಗಿ ನೋಡಿಬರುತ್ತಿದ್ದರು. ಬಡಿದಾಗಲೆಲ್ಲ ಕಂಬ ಅದುರಿ ಚಿತ್ರ ಕಲಕುತ್ತದೆ, ಇಳಿಸಿಬಿಡಿ ಎಂದವನು ಮುರಳಿಯೇ. ಇನ್ನು ಗಂಟೆಗೊಮ್ಮೆ ಕ್ಯಾಮೆರಾದ ಮುಂದೆ ನಿಂತು ಕೈ ಎತ್ತಿದರೆ ಸಾಕೆಂದು ಶಿವಶಂಕರಪ್ಪ ಅಪ್ಪಣೆ ಮಾಡಿದರು.

ತೋರಿಸಲೆಂದು ಹಗಲೇ ಕರೆಸಿದ್ದ ಓಬಯ್ಯ ಕತ್ತೆತ್ತಿ ಕ್ಯಾಮೆರಾವನ್ನು ನೋಡಿದ್ದ. "ಕತ್ತಲಲ್ಲೂ ಕಾಣ್ತೀನಾ ಮಾರಾಯ? ಮೊದಲೇ ನಾನು ಕಪ್ಪು."

"ಕಾಣ್ತೀರಿ ಯಜಮಾನ್ರೆ. ಕತ್ತಲಾದ್ರೆ ಅದರದ್ದೇ ದೀಪ ಹತ್ತುತ್ತೆ."

"ಹಂಗಾದ್ರೆ ಸರಿ. ನಿದ್ದೆ ಹೊಡೀತಾನೆ ಅಂತ ಅನ್ನಿಸ್ಕೊಳ್ಳೋದು ತಪ್ತು."

ಆಗ ಮಧ್ಯಾಹ್ನ ಮೂರು ಗಂಟೆ. ಪರದೆಯಲ್ಲಿ ಓಬಯ್ಯನ ಬೀಡಿಯ ಹೊಗೆ ಕೂಡ ಕಾಣುತ್ತಿತ್ತು. ಮುರಳಿ ಕತ್ತಲಾಗುವುದನ್ನು ಕಾಯದೆ ಐದರ ಬಸ್ಸು ಹಿಡಿದ.

ಓಬಯ್ಯ ಬಿದ್ದದ್ದು ಅಂಗಳದಾಚೆಯ, ಲಾರಿ ತೂಗುವ ಹಳೆಯ ವೇಬ್ರಿಡ್ಜಿನ ಗುಂಡಿಗೆ. ತೊಡೆ ಮುರಿದಿತ್ತು, ಬೆಳಗಿನ ಜಾವದವರೆಗೂ ಜೀವವಿತ್ತೆಂದು ಡಾಕ್ಟರು ಹೇಳಿದರು. ಕುಲುಮೆಯ ಸದ್ದಿನಲ್ಲಿ ಕೂಗು ಯಾರಿಗೂ ಕೇಳಿರಲಿಲ್ಲ. ಅವನ ಹೆಂಡತಿ ಉಚ್ಚಂಗಮ್ಮ ಪರಿಹಾರ ಕೇಳಿ ಅರ್ಜಿ ಕೊಟ್ಟಿದ್ದಳು. ಆದರೆ ಹನ್ನೊಂದು ರಾತ್ರಿಯ ರೆಕಾರ್ಡಿಂಗಿನಲ್ಲಿ ಓಬಯ್ಯ ಒಮ್ಮೆಯೂ ಕೈ ಎತ್ತಿದ್ದಿಲ್ಲ, ಬರೀ ಕತ್ತಲು. ಕಾವಲು ಬಿಟ್ಟು ಕುಡಿಯಲು ಹೋಗುತ್ತಿದ್ದ, ಹೋಗುವಾಗ ಬಿದ್ದ ಎಂಬುದು ಶಿವಶಂಕರಪ್ಪನವರ ವಾದ.

"ಕ್ಯಾಮೆರಾ ಸರಿಯಾಗಿತ್ತು ಅಂತ ಎರಡು ಲೈನ್ ಬರ್ಕೊಡು," ಎಂದರು ಮೆಲ್ಲಗೆ. "ಸರಿಯಾಗೇ ಇತ್ತಲ್ಲ?"

ಮುರಳಿ ಎದ್ದು ಅಂಗಳಕ್ಕೆ ಹೋದ. ಕ್ಯಾಮೆರಾದ ತಂತಿಗೆ ಮೀಟರ್ ಹಿಡಿದ. ಹತ್ತು ವೋಲ್ಟಿನ ಮೇಲಿತ್ತು, ಹಗಲಿಗೆ ಅಷ್ಟು ಸಾಕು. ಕಂಬದ ಬುಡದಲ್ಲಿ ಕೂತು ಬೆಳಕು ಇಳಿಯುವುದನ್ನು ಕಾದ. ಆರೂಮುಕ್ಕಾಲರ ಹೊತ್ತಿಗೆ ಕ್ಯಾಮೆರಾದ ಸುತ್ತಲಿನ ಪುಟ್ಟ ದೀಪಗಳು ಕೆಂಪಗೆ ಹತ್ತಿದವು. ಮೀಟರ್ ಏಳಕ್ಕೆ ಕುಸಿಯಿತು. ದೀಪಗಳು ಆರಿದವು, ಹತ್ತಿದವು, ಮತ್ತೆ ಆರಿದವು. ಅವಕ್ಕೆ ಬೇಕಾದಷ್ಟು ಕರೆಂಟು ಆ ಸಣ್ಣ ತಂತಿಯಲ್ಲಿ ಅಷ್ಟು ದೂರ ಬರುವಂತಿರಲಿಲ್ಲ. ಹನ್ನೊಂದು ರಾತ್ರಿಯೂ ಕ್ಯಾಮೆರಾ ಕುರುಡಾಗಿತ್ತು. ಹಳಿ ಸುಮ್ಮನಾದರೆ ಜನ ಎದ್ದು ಬರುತ್ತಿದ್ದರು. ಪರದೆ ಕಪ್ಪಾದದ್ದಕ್ಕೆ ಯಾರೂ ಏಳಲಿಲ್ಲ.

ಆಫೀಸಿಗೆ ಹಿಂದಿರುಗಿ ರೆಕಾರ್ಡಿಂಗನ್ನು ಮೊದಲ ದಿನದ ಸಂಜೆ ಆರಕ್ಕೆ ತಿರುಗಿಸಿದ. ಆ ಹೊತ್ತನ್ನು ಯಾರೂ ನೋಡಿರಲಿಲ್ಲ. ಇನ್ನೂ ಬೆಳಕಿತ್ತು. ಇಸ್ತ್ರಿಯ ಅಂಗಿ ತೊಟ್ಟ ಓಬಯ್ಯ ಬಂದು ಕೈ ಎತ್ತಿದ. ಆ ಕಡೆಯಿಂದ ಯಾರಾದರೂ ಸರಿ ಎನ್ನಲಿ ಎಂಬಂತೆ ಬಹಳ ಹೊತ್ತು ಇಳಿಸಲಿಲ್ಲ. ಮರುದಿನವೂ ಹಾಗೆಯೇ. ಅದರ ಮರುದಿನವೂ.

ಬೆಳಿಗ್ಗೆಯಿಂದ ಗೇಟಿನಲ್ಲಿ ಕೂತಿದ್ದ ಉಚ್ಚಂಗಮ್ಮನನ್ನು ಮುರಳಿ ಒಳಗೆ ಕರೆದ. ಅವಳು ಪರದೆಯ ಮುಂದೆ ನಿಂತು ನೋಡಿದಳು.

"ದಿನಾ ಅಂಗಿ ಒಗೆಸ್ಕೊಂಡು ಬರೋರು," ಎಂದಳು. "ನನ್ನ ನೋಡ್ತಿರ್ತಾರೆ ಕಣೇ ಅನ್ನೋರು."

ಶಿವಶಂಕರಪ್ಪ ಅವಳ ಕಡೆ ತಿರುಗಲಿಲ್ಲ. "ನೋಡು ಮುರಳಿ, ನಿನ್ನ ಕೆಲಸ ಕೆಟ್ಟದು ಅಂತ ನೀನೇ ಬರ್ಕೊಟ್ರೆ, ಶಿವಮೊಗ್ಗದಲ್ಲಿ ಇನ್ಯಾರು ಕರೀತಾರೆ ನಿನ್ನ?"

ಅದು ಸುಳ್ಳಲ್ಲವೆಂದು ಮುರಳಿಗೆ ಗೊತ್ತಿತ್ತು. ಲೆಟರ್‌ಹೆಡ್ಡಿನ ಎರಡು ಹಾಳೆಯಲ್ಲಿ ಒಂದೇ ಒಕ್ಕಣೆ ಬರೆದು, ಸಹಿ ಹಾಕಿ, ಒಂದನ್ನು ಶಿವಶಂಕರಪ್ಪನವರ ಮುಂದಿಟ್ಟ. ಅವರು ಓದದೆ ಡ್ರಾಯರಿಗೆ ಸೇರಿಸಿದರು. ಇನ್ನೊಂದನ್ನು ಉಚ್ಚಂಗಮ್ಮನಿಗೆ ಕೊಟ್ಟ. ಅವಳು ಅದನ್ನು ಮತ್ತೆ ಅವನತ್ತಲೇ ಚಾಚಿದಳು.

"ನಂಗೆ ಓದೋಕೆ ಬರಲ್ಲ. ಏನು ಬರ್ದಿದೀರಿ, ಓದಿ ಸ್ವಾಮಿ."

ಹಗಲು ಸರಿಯಾಗಿದ್ದ ಕ್ಯಾಮೆರಾ ಕತ್ತಲಾದ ಮೇಲೆ ಕೆಲಸ ಮಾಡುತ್ತಿರಲಿಲ್ಲ ಎಂಬಲ್ಲಿಯವರೆಗೆ ಸರಾಗವಾಗಿ ಓದಿದ. ತಂತಿ ಎಳೆದ ತಪ್ಪು ನನ್ನದು ಎಂಬ ಸಾಲಿಗೆ ಬಂದಾಗ ಹಾಳೆಯನ್ನು ಮಡಿಸಹೋದ. ಅವಳು ಕಾದಳು. ಕೊನೆಗೆ ಅದನ್ನೂ ಓದಿದ.

"ಹಳಿ ಇಳಿಸಿ ಅಂದೋರು ಯಾರು ಅಂತಾನೂ ಬರ್ದಿದೀರಾ?"

ಬರೆದಿರಲಿಲ್ಲ. ಮುರಳಿ ಹಾಳೆಯನ್ನು ಮತ್ತೆ ಮೇಜಿನ ಮೇಲೆ ಹರಡಿ ಪೆನ್ನಿನ ಮುಚ್ಚಳ ತೆಗೆದ.