ಎಂಟನೇ ತರಗತಿಯ ಅಕ್ಕ ತಂಗಿ

ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗುತ್ತದೆ ಅನ್ನುತ್ತಾರೆ. ಮೆಕ್ಯಾನಿಕ್‌ನ ಹೆಂಡತಿ ಆಗಲೇ ಐದು ಮನೆ ಮುಗಿಸಿದ್ದಳು. ಗಂಡ ಸೈನ್ಯದಲ್ಲಿ ಲಾರಿಗಳ ಎಂಜಿನ್ ಬಿಚ್ಚಿ ಜೋಡಿಸುವವನು. ವರ್ಗದ ಆದೇಶ ಬಂದರೆ ನಾಲ್ಕು ದಿನದಲ್ಲಿ ಇಡೀ ಸಂಸಾರವನ್ನು ಆರು ಟ್ರಂಕಿಗೆ ತುಂಬುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಈ ಸಲ ಆದೇಶ ಬಂದದ್ದು ಶಾಲೆಯ ವರ್ಷದ ನಟ್ಟನಡುವೆ. ಗಂಡನನ್ನು ಗಡಿಯ ಠಾಣೆಗೆ ಕಳಿಸಿದರು. ಅಲ್ಲಿಗೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿರಲಿಲ್ಲ. ಅವಳಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಬೇರೊಂದು ಊರಿನ ಸೈನಿಕ ವಸತಿಯಲ್ಲಿ, ಎರಡನೇ ಮಹಡಿಯಲ್ಲಿ, ಎರಡು ಕೋಣೆಯ ಮನೆ ಸಿಕ್ಕಿತು.

ದೊಡ್ಡವಳು ಒಂಬತ್ತನೇ ತರಗತಿ, ಚಿಕ್ಕವಳು ಎಂಟು. ಟ್ರಂಕುಗಳ ಬೀಗ ತೆಗೆಯುವ ಮೊದಲೇ ತಾಯಿ ಇಬ್ಬರನ್ನೂ ಕರೆದುಕೊಂಡು ಶಾಲೆಯ ಕಚೇರಿಗೆ ಹೋದಳು. ಗುಮಾಸ್ತ ಅಂಕಪಟ್ಟಿಗಳನ್ನು ತಿರುವಿ ನೋಡಿದ.

"ಚಿಕ್ಕೋಳ್ದು ಏನೂ ತೊಂದ್ರೆ ಇಲ್ಲ. ದೊಡ್ಡೋಳು ಒಂದು ಪರೀಕ್ಷೆ ಬರೀಬೇಕು. ಒಂಬತ್ತಕ್ಕೆ ಮಧ್ಯದಲ್ಲಿ ಬರೋರಿಗೆಲ್ಲ ಕೊಡ್ತೀವಿ."

ದೊಡ್ಡವಳು ಹೆದರಲಿಲ್ಲ. ಓದಿನಲ್ಲಿ ಅವಳು ಎಂದೂ ಹಿಂದೆ ಬಿದ್ದವಳಲ್ಲ. ಆದರೆ ಹಳೆಯ ಶಾಲೆಯಲ್ಲಿ ರೇಖಾಗಣಿತವನ್ನು ರಜೆ ಮುಗಿದ ಮೇಲೆ ಶುರುಮಾಡುವವರಿದ್ದರು. ಇಲ್ಲಿ ಅದು ಮೊದಲ ತಿಂಗಳಲ್ಲೇ ಮುಗಿದಿತ್ತು. ಗಣಿತದ ಪ್ರಶ್ನೆಗಳಲ್ಲಿ ಬರೀ ತ್ರಿಕೋನ, ವೃತ್ತ. ಅವಳು ಏಳು ಪ್ರಶ್ನೆಗಳ ಮುಂದೆ ದುಂಡಾದ ಅಕ್ಷರದಲ್ಲಿ, "ಇದನ್ನು ನಮಗೆ ಇನ್ನೂ ಕಲಿಸಿಲ್ಲ" ಎಂದು ಬರೆದಿಟ್ಟು ಬಂದಳು. ತೇರ್ಗಡೆಗೆ ಮೂರು ಅಂಕ ಕಡಿಮೆ ಬಿದ್ದವು.

ಮುಖ್ಯೋಪಾಧ್ಯಾಯಿನಿ ಕೆಟ್ಟವರೇನಲ್ಲ. ತಾಯಿಯನ್ನು ಕೂರಿಸಿ, ಉತ್ತರಪತ್ರಿಕೆಯನ್ನು ಮುಂದಿಟ್ಟರು.

"ಒಳ್ಳೆ ಹುಡುಗಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಾನೇ ಬರೆದಿದಾಳೆ. ಆದ್ರೆ ನಿಯಮ ನನ್ನ ಕೈಲಿಲ್ಲಮ್ಮ. ಎಂಟಕ್ಕೆ ತಗೋತೀನಿ."

"ಎಂಟ್ರಲ್ಲಿ ಇವಳ ತಂಗಿ ಇರ್ತಾಳೆ ಮೇಡಂ."

"ಇನ್ನೊಂದು ವಿಭಾಗ ಇದ್ದಿದ್ರೆ ಅಲ್ಲಿ ಹಾಕ್ತಿದ್ದೆ. ಇರೋದೇ ಒಂದು."

"ಒಂದು ತಿಂಗಳು ಬಿಡಿ. ಯಾರ ಕೈಲಾದ್ರೂ ಪಾಠ ಹೇಳಿಸ್ತೀನಿ. ಆಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಿ ನೋಡಿ."

"ಒಬ್ಬರಿಗೆ ಹಾಗೆ ಮಾಡಿದ್ರೆ ನಾಳೆ ಎಲ್ಲರೂ ಬಂದು ನಿಲ್ತಾರೆ. ಒಂದು ವರ್ಷ ತಾನೇ. ಅವಳಿಗೆ ಆಯಸ್ಸಿಡೀ ಇದೆ."

ಸೈನಿಕರ ಮಕ್ಕಳು ಹೊಸ ಶಾಲೆಗೆ ಹೊಂದಿಕೊಳ್ಳಲೆಂದೇ ಅಲ್ಲಿ ಒಬ್ಬ ಟೀಚರನ್ನು ನೇಮಿಸಿದ್ದರು. ನಗುಮುಖದ ಹೆಂಗಸು. ಹೊಸಬರಿಗೆ ಮೊದಲ ವಾರ ಜೊತೆಗಿರಲು ಅದೇ ತರಗತಿಯ ಒಬ್ಬಳನ್ನು ಗೊತ್ತುಮಾಡುವುದು ಅವರ ಪದ್ಧತಿ. "ಇವಳಿಗೆ ಹುಡುಕೋ ಕಷ್ಟಾನೇ ಇಲ್ಲ, ತಂಗೀನೇ ಇದಾಳಲ್ಲ" ಅಂದರು. ಪ್ರೀತಿಯಿಂದಲೇ ಅಂದದ್ದು. ದೊಡ್ಡವಳ ಕಿವಿ ಕೆಂಪಾಯಿತು. ಚಿಕ್ಕವಳು ತನ್ನ ಚಪ್ಪಲಿ ನೋಡುತ್ತ ನಿಂತಳು.

ತಾಯಿ ಸುಮ್ಮನೆ ಕೂರಲಿಲ್ಲ. ಸೈನಿಕ ಕುಟುಂಬಗಳ ಕಲ್ಯಾಣ ಕಚೇರಿಗೆ ಹೋಗಿ ಅರ್ಜಿ ಬರೆದಳು. ಅಲ್ಲಿದ್ದ ಮುದುಕ ಅಧಿಕಾರಿ, "ನನ್ನ ಮಗನೂ ಒಂಬತ್ತು ಶಾಲೆ ಕಂಡೋನು, ನನಗೆ ಅರ್ಥ ಆಗುತ್ತೆ ತಾಯಿ" ಎಂದು ಅರ್ಜಿಯನ್ನು ಮೇಲಕ್ಕೆ ಕಳಿಸಿದರು. ಅದು ಮೇಲೆ ಹೋಯಿತು, ಮತ್ತೂ ಮೇಲೆ ಹೋಯಿತು. ಆರು ವಾರದ ಮೇಲೆ ಕೆಳಗಿಳಿದು ಬಂದ ಉತ್ತರ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು: ಮುಂದಿನ ಶೈಕ್ಷಣಿಕ ವರ್ಷದ ಆರಂಭದಲ್ಲಿ ಪರಿಶೀಲಿಸಲಾಗುವುದು. ಅಷ್ಟು ಹೊತ್ತಿಗೆ ವರ್ಷವೇ ಮುಗಿದಿರುತ್ತದೆ ಎಂದು ತಾಯಿ ಹೇಳಿದಳು. ಮುದುಕ ಕನ್ನಡಕ ತೆಗೆದು ಒರೆಸಿಕೊಂಡರು.

ಆ ಆರು ವಾರದಲ್ಲಿ ಅಕ್ಕ ತಂಗಿ ಒಟ್ಟಿಗೆ ಶಾಲೆಗೆ ಹೋಗುವುದನ್ನು ಬಿಟ್ಟಿದ್ದರು. ದೊಡ್ಡವಳು ಹತ್ತು ನಿಮಿಷ ಮೊದಲೇ ಹೊರಡುತ್ತಿದ್ದಳು. ಉಳಿದ ಹುಡುಗಿಯರಿಗಿಂತ ಒಂದು ಗೇಣು ಎತ್ತರ, ಹಾಗಾಗಿ ಕೊನೆಯ ಬೆಂಚು. ತಾನು ಹೋದ ವರ್ಷವೇ ಕಲಿತಿದ್ದ ಪಾಠಗಳಿಗೆ ಕೈ ಎತ್ತುವುದಕ್ಕೂ ಅವಳಿಗೆ ನಾಚಿಕೆ. "ಎರಡನೇ ಸಲ ಕೇಳ್ತಿದಾಳೆ, ಗೊತ್ತಿರದೆ ಏನು" ಎಂದು ಯಾರೋ ನಕ್ಕಿದ್ದರಂತೆ. ಕೈ ಎತ್ತದೆ, ಬರೆಯದೆ, ಬರುವುದೂ ಮರೆತುಹೋಯಿತೋ ಏನೋ, ಮೊದಲ ಕಿರುಪರೀಕ್ಷೆಯಲ್ಲಿ ಅವಳ ಅಂಕ ತಂಗಿಯದಕ್ಕಿಂತ ಕೆಳಗೆ ಬಂತು. ಆ ದಿನ ಅವಳು ತಟ್ಟೆಯ ಮುಂದೆ ಕೂತು, ನೀರು ಕುಡಿದು ಎದ್ದುಹೋದಳು.

ಎರಡನೇ ಪರೀಕ್ಷೆಯಾದ ಮೇಲೆ ತರಗತಿಯ ಮೇಷ್ಟ್ರು ತಾಯಿಯನ್ನು ಕರೆಸಿದರು. ದೊಡ್ಡವಳ ವಿಷಯವೇ ಇರಬೇಕು ಎಂದುಕೊಂಡು ಅವಳು ಎದೆ ಗಟ್ಟಿಮಾಡಿಕೊಂಡು ಹೋದಳು. ಮೇಷ್ಟ್ರು ತೋರಿಸಿದ್ದು ಚಿಕ್ಕವಳ ಪತ್ರಿಕೆ. ಅರ್ಧಕ್ಕರ್ಧ ಖಾಲಿ.

"ಇದೇ ಲೆಕ್ಕಗಳನ್ನ ಹಿಂದಿನ ದಿನ ಬೋರ್ಡ್ ಮೇಲೆ ಪಟಪಟ ಮಾಡಿದ್ಲು ಅಮ್ಮ. ಏನಾಗಿದೆ ಮಗೂಗೆ?"

ಮನೆಗೆ ಬಂದು ತಾಯಿ ಚಿಕ್ಕವಳನ್ನು ಅಡುಗೆಮನೆಗೆ ಕರೆದಳು. ಗದರಿದಳು, ಆಮೇಲೆ ಮೆತ್ತಗೆ ಕೇಳಿದಳು. ಹುಡುಗಿ ಗೋಡೆಗೆ ಒರಗಿ ಬಹಳ ಹೊತ್ತು ಉಗುರು ಕಚ್ಚಿದಳು.

"ನನಗೆ ಜಾಸ್ತಿ ಬಂದ್ರೆ ಅಕ್ಕ ಊಟ ಮಾಡಲ್ಲಮ್ಮ."

ಬಾಗಿಲಲ್ಲಿ ದೊಡ್ಡವಳು ನಿಂತಿದ್ದಳು. ಯಾವಾಗ ಬಂದಳೋ.

"ನಿನ್ನ ಹತ್ರ ಯಾರೇ ಭಿಕ್ಷೆ ಕೇಳಿದ್ದು?" ಅಂದಳು ತಂಗಿಗೆ. ದನಿ ಏರಿಸಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಕ್ಕವಳು ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತು, "ಅಕ್ಕ, ಇನ್ನು ಮೇಲೆ ಬರೀತೀನಿ, ಎಲ್ಲಾ ಬರೀತೀನಿ" ಎನ್ನುತ್ತಲೇ ಇದ್ದಳು.

ಗಂಡನ ಫೋನು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ. ಹಿಂದೆ ಸಾಲಿನಲ್ಲಿ ಬೇರೆಯವರು ಕಾಯುತ್ತಿರುವುದರಿಂದ ನಾಲ್ಕೇ ನಿಮಿಷ. ಇಷ್ಟು ದಿನ ತಾಯಿ, ಎಲ್ಲಾ ಚೆನ್ನಾಗಿದೆ ಎಂದೇ ಹೇಳುತ್ತ ಬಂದಿದ್ದಳು. ಆ ಭಾನುವಾರ ದೊಡ್ಡವಳೇ ಮೊದಲು ಫೋನು ಎತ್ತಿಕೊಂಡಳು.

"ಅಪ್ಪ, ನನ್ನನ್ನ ಚಿಕ್ಕಮ್ಮನ ಮನೆಗೆ ಕಳಿಸಿಬಿಡಿ. ಅಲ್ಲೇ ಓದ್ಕೋತೀನಿ. ಇನ್ನು ನಿಮ್ಮ ಹಿಂದೆ ಊರೂರು ತಿರುಗೋಕೆ ನನ್ನ ಕೈಲಾಗಲ್ಲ." ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ, ಫೋನನ್ನು ತಾಯಿಯ ಕೈಗಿಟ್ಟಳು.

"ನನಗೆ ಯಾಕೆ ಹೇಳಲಿಲ್ಲ?" ಗಂಡ ಕೇಳಿದ.

"ಹೇಳಿದ್ರೆ ಏನ್ ಮಾಡ್ತಿದ್ರಿ?"

"ಎಂಜಿನ್ ಆಗಿದ್ರೆ ಬಿಚ್ಚಿ ನೋಡ್ತಿದ್ದೆ" ಅಂದ. ನಗಿಸಲು ಅಂದದ್ದು, ನಗು ಇಬ್ಬರಿಗೂ ಬರಲಿಲ್ಲ. "ನೀನೇನಂತೀಯ, ಕಳಿಸೋಣ್ವಾ?"

ಅವಳು ಉತ್ತರ ಹುಡುಕುತ್ತಿದ್ದಾಗಲೇ ನಾಲ್ಕು ನಿಮಿಷ ಮುಗಿದವು.

ತಾಯಿಯ ತಂಗಿ, ಮಕ್ಕಳು ಹೇಳುವ ಚಿಕ್ಕಮ್ಮ, ದೂರದ ಊರೊಂದರ ಆಸ್ಪತ್ರೆಯಲ್ಲಿ ನರ್ಸು, ಮಕ್ಕಳಿರಲಿಲ್ಲ. ಕೊನೆಗೆ ತಾಯಿ ಕೇಳಿದ್ದೇ ತಡ, ಮಂಚ ಹೊಂದಿಸಿ ಇಟ್ಟಳು. ತಾಯಿ ದೊಡ್ಡವಳನ್ನು ಕರೆದುಕೊಂಡು ಹೋಗಿ ಅಲ್ಲಿಯ ಶಾಲೆಯ ಕಚೇರಿಯಲ್ಲಿ ಅದೇ ಅಂಕಪಟ್ಟಿ ಇಟ್ಟಳು. ಗುಮಾಸ್ತೆ ಎರಡು ನಿಮಿಷ ನೋಡಿ, "ಒಂಬತ್ತನೇ ತರಗತಿ" ಎಂದು ಬರೆದು ಮುದ್ರೆ ಒತ್ತಿದಳು.

"ಪರೀಕ್ಷೆ ಇಲ್ವಾ?" ತಾಯಿ ಕೇಳಿದಳು.

"ಯಾಕಮ್ಮ ಪರೀಕ್ಷೆ, ಇಷ್ಟು ಚೆನ್ನಾಗಿ ಓದಿದಾಳಲ್ಲ. ಬಿಟ್ಟುಹೋದ ಪಾಠ ಸಂಜೆ ನಾವೇ ಹೇಳ್ಕೊಡ್ತೀವಿ."

ಖುಷಿಪಡಬೇಕಾದ ಮಾತು ಅದು. ಆದರೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ತಾಯಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಇಷ್ಟು ಸುಲಭವಾಗಿ ಆಗುವುದಿತ್ತು, ಅಲ್ಲಿ ಆಗಲಿಲ್ಲ. ಮಗಳು ಪಕ್ಕದಲ್ಲಿ ಕೂತು, "ಅಳಬೇಡಮ್ಮ, ಜನ ನೋಡ್ತಿದಾರೆ" ಎಂದಳು. ಹೊರಡುವಾಗ ಬಸ್ಸಿನ ತನಕ ಬಂದಳು, ಹತ್ತಿಸಿದಳು. ಹಿಂತಿರುಗಿ ನೋಡದೆ ಚಿಕ್ಕಮ್ಮನ ಜೊತೆ ಬಿರಬಿರನೆ ನಡೆದುಹೋದಳು. ಅಳು ತಡೆಯಲು ಹಾಗೆ ನಡೆದಳೋ, ಸಮಾಧಾನವಾಗಿ ನಡೆದಳೋ, ಕಿಟಕಿಯಿಂದ ತಾಯಿಗೆ ಗೊತ್ತಾಗಲಿಲ್ಲ.

ಚಿಕ್ಕವಳ ಅಂಕಗಳು ಮೊದಲಿನ ಹಾಗಾದವು. ಮೇಷ್ಟ್ರಿಗೆ ಸಂತೋಷವಾಯಿತು. ಹುಡುಗಿ ಪತ್ರಿಕೆಗಳನ್ನು ಮನೆಯಲ್ಲಿ ತೋರಿಸುತ್ತಿರಲಿಲ್ಲ. ಕೇಳಿದರೆ ಮಾತ್ರ ಚೀಲದಿಂದ ತೆಗೆದುಕೊಡುತ್ತಿದ್ದಳು.

ದೊಡ್ಡವಳು ಮೊದಮೊದಲು ದಿನಾ ಫೋನು ಮಾಡುತ್ತಿದ್ದಳು, ಆಮೇಲೆ ಎರಡು ದಿನಕ್ಕೊಮ್ಮೆ. ರೇಖಾಗಣಿತ ಬಂತಂತೆ, ಗೆಳತಿಯರು ಸಿಕ್ಕರಂತೆ. ಎಲ್ಲವೂ ಒಳ್ಳೆಯ ಸುದ್ದಿಯೇ. ಒಂದು ಸಂಜೆ ಮಾತಾಡುತ್ತಿದ್ದವಳು ನಡುವೆ ನಿಲ್ಲಿಸಿ, "ಅಯ್ಯೋ, ನಮ್ಮನೇಲಿ ಕರೆಂಟ್ ಹೋಯ್ತು, ಇಡ್ತೀನಮ್ಮ" ಎಂದಳು.

ತಾಯಿ ತಲೆ ಎತ್ತಿ ನೋಡಿದಳು. ಅಡುಗೆಮನೆಯಲ್ಲಿ ದೀಪ ಉರಿಯುತ್ತಲೇ ಇತ್ತು. ಮಗಳು ಯಾವ ಮನೆಯ ಮಾತಾಡಿದ್ದು ಎಂದು ಹೊಳೆಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು.